ಬೇಡವಾದ ಪಾತ್ರದ ಬೆನ್ನು ಹತ್ತಿ: ಆನ್‌ಲೈನ್ ಗೇಮ್ ಆಟಗಾರ ಮಿಷನ್ ಬಿಡೋದು ಯಾಕೆ, ಬಿಡದೇ ಇರೋದು ಯಾಕೆ?

2018ರ ಜುಲೈ ಕೊನೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಿದ್ದವರಲ್ಲಿ ‘ಹೋರ್ಡ್’ ಬಣದವರು ತಮ್ಮದೇ ನಾಯಕಿ ಸಿಲ್ವಾನಸ್ ವಿಂಡ್‌ರನ್ನರ್ ಒಂದು ಇಡೀ ನಗರಕ್ಕೆ ಬೆಂಕಿ ಹಚ್ಚುವುದನ್ನು ನೋಡಿದರು. ನೋಡಿದ್ದಷ್ಟೇ ಅಲ್ಲ. ಆ ನಗರದ ಬಾಗಿಲವರೆಗೆ ಸೈನ್ಯ ಮುಟ್ಟಿಸಿದ ಮಿಷನ್‌ಗಳನ್ನು ಆಡಿ ಮುಗಿಸಿದ್ದೂ ಅವರೇ. ಎದುರು ಬಣ ‘ಅಲಯನ್ಸ್’ ಆಟಗಾರರಿಗೆ ಸಿಕ್ಕಿದ್ದು ಉರಿಯುತ್ತಿರುವ ನಗರದಿಂದ ಜನರನ್ನು ಹೊರಗೆ ಎಳೆದು ತರುವ ಕೆಲಸ. ಕೊಟ್ಟ ಸಮಯ ಕೆಲವೇ ನಿಮಿಷ. ಎಲ್ಲರನ್ನೂ ಉಳಿಸಲು ಸಾಧ್ಯವೇ ಇಲ್ಲದ ಹಾಗೆ ಆ ಮಿಷನ್ ಕಟ್ಟಲಾಗಿತ್ತು.

ಅದಾದ ಮೇಲೆ ನಡೆದ ಜಗಳ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಲ್ಲಲಿಲ್ಲ. ಒಂದು ಗುಂಪಿಗೆ ಸಿಲ್ವಾನಸ್ ಅಂದರೆ ಪ್ರಾಣ. ಇನ್ನೊಂದು ಗುಂಪು, ‘ನಾನು ಹದಿನಾಲ್ಕು ವರ್ಷ ಕಟ್ಟಿದ ಪಾತ್ರವನ್ನು ಕೊಲೆಗಾರನನ್ನಾಗಿ ಮಾಡಿಬಿಟ್ಟರು’ ಎಂದು ಸಿಟ್ಟಾಗಿತ್ತು. ಎರಡೂ ಗುಂಪಿನವರು ಒಂದೇ ಬಣದವರು, ಆಡುತ್ತಿದ್ದದ್ದು ಒಂದೇ ಮಿಷನ್‌ಗಳನ್ನು.

ಇಂಥ ಪಾತ್ರಗಳನ್ನು ಒಡಕು ತರುವ ಪಾತ್ರಗಳು ಅನ್ನಬಹುದು. ಒಂದು ಗೇಮ್‌ನಲ್ಲಿ ಇಂಥದ್ದೊಂದು ಪಾತ್ರ ಬಂದಾಗ ಜನ ಆಟ ಬಿಟ್ಟು ಹೋಗ್ತಾರಾ, ಇಲ್ಲಾ ಇನ್ನಷ್ಟು ಅಂಟಿಕೊಳ್ತಾರಾ? ಇದಕ್ಕೆ ಹೌದು-ಅಲ್ಲ ಎಂಬ ಉತ್ತರ ಇಲ್ಲ. ಆದರೆ ಕಳೆದ ಹದಿನೈದು ವರ್ಷಗಳ ನಾಲ್ಕೈದು ದೊಡ್ಡ ಗೇಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಅದನ್ನು ಬಿಡಿಸಿಡುವುದು ಈ ಬರಹದ ಉದ್ದೇಶ.

ಮೊದಲು, ಯಾವುದು ಒಡಕು ತರುವ ಪಾತ್ರ?

ವಿಲನ್ ಬೇರೆ, ಒಡಕು ತರುವ ಪಾತ್ರ ಬೇರೆ. ವಿಲನ್‌ನನ್ನು ಎಲ್ಲರೂ ಸೇರಿ ದ್ವೇಷಿಸುತ್ತಾರೆ. ಅಲ್ಲಿ ಒಡಕಿಲ್ಲ, ಒಗ್ಗಟ್ಟಿದೆ. ಯಕ್ಷಗಾನದ ಕೀಚಕನನ್ನು ನೋಡಿ ಸಭಿಕರು ಎರಡು ಪಕ್ಷ ಆಗೋದಿಲ್ಲ. ವೇಷ ಚೆನ್ನಾಗಿ ಬಂದರೆ ಎಲ್ಲರೂ ಒಟ್ಟಿಗೆ ಬಯ್ಯುತ್ತಾರೆ, ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಒಡಕು ತರುವ ಪಾತ್ರ ಅಂದರೆ ಒಂದೇ ದೃಶ್ಯ ನೋಡಿ ಅರ್ಧ ಜನ ‘ಆಹಾ’ ಅನ್ನುವ, ಇನ್ನರ್ಧ ಜನ ‘ಸಾಕಪ್ಪಾ’ ಅನ್ನುವ ಪಾತ್ರ.

ಟಿವಿ ಸೀರಿಯಲ್‌ನಲ್ಲಿ, ಬಿಗ್ ಬಾಸ್ ಮನೆಯಲ್ಲಿ ಇಂಥವರು ಇದ್ದೇ ಇರ್ತಾರೆ. ಅವರಿಂದಲೇ ಶೋ ಓಡುತ್ತದೆ ಅಂತಲೂ ಹೇಳ್ತಾರೆ. ಆದರೆ ಗೇಮ್‌ಗೂ ಟಿವಿಗೂ ದೊಡ್ಡ ವ್ಯತ್ಯಾಸ ಇದೆ. ಸೀರಿಯಲ್‌ನ ಅತ್ತೆ ಇಷ್ಟ ಇಲ್ಲ ಅಂದ್ರೆ ನೀವು ಸೋಫಾ ಮೇಲೆ ಕೂತು ಬಯ್ಯಬಹುದು. ಗೇಮ್‌ನಲ್ಲಿ ಆ ಅತ್ತೆ ‘ಹೋಗಿ ಹತ್ತು ಕಟ್ಟಿಗೆ ತಗೊಂಡು ಬಾ’ ಅಂತಾಳೆ, ನೀವು ಹೋಗಿ ತರಬೇಕು. ತಂದು ಕೊಟ್ಟಾಗ ಊರವರೆಲ್ಲ ಅವಳನ್ನು ಹೊಗಳುತ್ತಾರೆ. ಅಲ್ಲಿ ಶುರುವಾಗುತ್ತದೆ ಆಟಗಾರನ ಸಿಟ್ಟು.

ಆನ್‌ಲೈನ್ ಗೇಮ್‌ಗಳಲ್ಲಿ ಈ ಸಿಟ್ಟು ಹೆಚ್ಚು ದಿನ ಬಾಳುವುದಕ್ಕೂ ಕಾರಣ ಇದೆ. ಇಪ್ಪತ್ತು ಗಂಟೆಯಲ್ಲಿ ಮುಗಿಸಿ ಮೂಲೆಗಿಡುವ ಗೇಮ್ ಅಲ್ಲ ಇವು. ಜನ ಹತ್ತು ವರ್ಷ ಆಡುತ್ತಾರೆ, ತಿಂಗಳಿಗೆ ಚಂದಾ ಕಟ್ಟುತ್ತಾರೆ, ಗೆಳೆಯರ ಗುಂಪು ಅಲ್ಲೇ ಇರುತ್ತದೆ. ಕಥೆಯಲ್ಲಿ ಒಂದು ಪಾತ್ರ ಹಿಡಿಸಲಿಲ್ಲ ಎಂದು ಎದ್ದು ಹೋಗುವುದು ಸುಲಭ ಅಲ್ಲ. ಇರುವ ಊರಲ್ಲೇ ಇಷ್ಟವಿಲ್ಲದ ಅಧ್ಯಕ್ಷ ಬಂದ ಹಾಗೆ ಅದು.

ಪ್ರಕರಣ 1: ಟ್ರಹರ್ನ್ – ‘ಇದು ನನ್ನ ಕಥೆ ಅಲ್ವಾ?’

ಅಮೆರಿಕದ ಅರೀನಾನೆಟ್ ಕಂಪನಿಯ ‘ಗಿಲ್ಡ್ ವಾರ್ಸ್ 2’ ಬಿಡುಗಡೆಯಾಗಿದ್ದು 2012ರ ಆಗಸ್ಟ್‌ನಲ್ಲಿ. ಪ್ರತಿ ಆಟಗಾರನಿಗೂ ‘ನಿನ್ನ ವೈಯಕ್ತಿಕ ಕಥೆ’ ಎಂದೇ ಹೆಸರಿಟ್ಟು ಮಿಷನ್‌ಗಳ ಸರಣಿ ಕೊಟ್ಟಿದ್ದರು. ಯಾವ ಕುಲ, ಯಾವ ಹಿನ್ನೆಲೆ, ಯಾವ ಸಂಘ ಸೇರುತ್ತೀರಿ ಎಂಬುದರ ಮೇಲೆ ಕಥೆ ಕವಲೊಡೆಯುತ್ತಿತ್ತು. ಸೇರಿದ ಸಂಘದಲ್ಲಿ ನಿಮಗೊಬ್ಬ ಗುರು. ಮೂವರು ಗುರುಗಳಲ್ಲಿ ಒಬ್ಬ ಟಿಬಾಲ್ಟ್ ಎಂಬ ಚಾರ್ ಕುಲದವನು. ಹರಟೆ, ತಮಾಷೆ, ಒಂಚೂರು ಅಳುಕು. ಆಟಗಾರರಿಗೆ ಅವನೆಂದರೆ ಅಷ್ಟು ಇಷ್ಟ.

ಕ್ಲಾ ಐಲೆಂಡ್ ಎಂಬ ಕೋಟೆಯ ಯುದ್ಧದಲ್ಲಿ ಗುರು ಸಾಯುತ್ತಾನೆ. ಅದೇ ಹೊತ್ತಿಗೆ ಟ್ರಹರ್ನ್ ಎಂಬ ಸಿಲ್ವಾರಿ ವಿದ್ವಾಂಸ ಕಥೆಯ ನಡುಮನೆಗೆ ಬರುತ್ತಾನೆ. ಮೂರೂ ಸಂಘಗಳನ್ನು ಸೇರಿಸಿ ‘ಪ್ಯಾಕ್ಟ್’ ಎಂಬ ಸೈನ್ಯ ಕಟ್ಟುತ್ತಾರೆ. ಅದಕ್ಕೆ ಮಾರ್ಷಲ್ ಯಾರು? ಟ್ರಹರ್ನ್. ಇಷ್ಟು ಹೊತ್ತು ಓಡಾಡಿ, ಹೊಡೆದಾಡಿ, ಗುರುವನ್ನೂ ಕಳೆದುಕೊಂಡ ನೀವು? ಅವನ ಕೈಕೆಳಗಿನ ಕಮಾಂಡರ್.

ಕಾಗದದ ಮೇಲೆ ಟ್ರಹರ್ನ್‌ನಲ್ಲಿ ತಪ್ಪೇನೂ ಇಲ್ಲ. ಒಳ್ಳೆಯವನು, ವಿನಯವಂತ, ಅಧಿಕಾರದ ಆಸೆ ಇಲ್ಲದವನು. ದೂರು ಬಂದಿದ್ದು ಅವನ ಗುಣದ ಮೇಲಲ್ಲ, ಅವನು ನಿಂತ ಜಾಗದ ಮೇಲೆ. ‘ನನ್ನ ಕಥೆ’ ಎಂದು ಶುರುವಾದದ್ದು ಅರ್ಧದಿಂದ ‘ಅವನ ಕಥೆ’ ಆಯಿತು. ಪಾತ್ರ ಬಂದ ಸಮಯವೂ ಕೆಟ್ಟದ್ದೇ. ಇಷ್ಟದವನು ಸತ್ತ ಮನೆಯಲ್ಲಿ ಅವನ ಕುರ್ಚಿಗೆ ಹೊಸಬನನ್ನು ತಂದು ಕೂರಿಸಿದ ಹಾಗೆ.

2015ರ ಅಕ್ಟೋಬರ್‌ನಲ್ಲಿ ಬಂದ ‘ಹಾರ್ಟ್ ಆಫ್ ಥಾರ್ನ್ಸ್’ ವಿಸ್ತರಣೆಯಲ್ಲಿ ಬರಹಗಾರರು ಈ ಗಂಟನ್ನು ಬಿಡಿಸಿದ ರೀತಿ ಗಮನಿಸಬೇಕು. ಮೊರ್ಡ್ರೆಮೋತ್ ಎಂಬ ಡ್ರ್ಯಾಗನ್ ಟ್ರಹರ್ನ್‌ನನ್ನು ಸೆರೆ ಹಿಡಿದು ಅವನ ಮನಸ್ಸಿನೊಳಗೆ ಹೊಕ್ಕಿರುತ್ತದೆ. ಡ್ರ್ಯಾಗನ್ ಪೂರ್ತಿ ಸಾಯಬೇಕಾದರೆ ಟ್ರಹರ್ನ್ ಸಾಯಬೇಕು. ಅವನೇ ಅದನ್ನು ಕೇಳುತ್ತಾನೆ, ಕತ್ತಿ ನಿಮ್ಮ ಕೈಯಲ್ಲಿರುತ್ತದೆ. ಮೂರು ವರ್ಷ ಅವನನ್ನು ಗೇಲಿ ಮಾಡಿದವರಿಗೂ ಆ ಕೊನೆಯ ಏಟು ಹಗುರವಾಗಿರಲಿಲ್ಲ. ಕಥೆಯ ಕೊನೆಯ ಕೆಲಸ ಆಟಗಾರನ ಕೈಗೆ ಮರಳಿತ್ತು.

ಪ್ರಕರಣ 2: ಸ್ಕಾರ್ಲೆಟ್ – ಪಾತ್ರ ಬೇಡ, ಮಿಷನ್ ಬೇಕು

ಅದೇ ಗೇಮ್‌ನ ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧ. 2013-14ರಲ್ಲಿ ‘ಲಿವಿಂಗ್ ವರ್ಲ್ಡ್’ನ ಮೊದಲ ಸೀಸನ್ ನಡೆಯಿತು. ಕೆಲವು ವಾರಗಳಿಗೊಮ್ಮೆ ಹೊಸ ಘಟನೆ ಬರುತ್ತಿತ್ತು, ಹಳೆಯದು ಮಾಯವಾಗುತ್ತಿತ್ತು. ಇದರ ಸೂತ್ರಧಾರಿಣಿ ಸ್ಕಾರ್ಲೆಟ್ ಬ್ರಯರ್. ಎಲ್ಲ ವಿದ್ಯೆಯೂ ಗೊತ್ತಿರುವ, ಎಲ್ಲ ಶತ್ರುಪಡೆಗಳನ್ನೂ ಕುಣಿಸುವ, ಎಲ್ಲ ಸಲವೂ ತಪ್ಪಿಸಿಕೊಳ್ಳುವ ಹೆಣ್ಣು. ‘ಇವಳು ಎಲ್ಲಿಂದ ಬಂದಳು? ಇಷ್ಟೆಲ್ಲ ಹೇಗೆ ಬರುತ್ತದೆ?’ ಎಂಬ ಗೊಣಗಾಟ ಕೊನೆಯವರೆಗೂ ಹೋಗಲಿಲ್ಲ.

ಆದರೆ ಅವಳು ತಂದ ಮಿಷನ್‌ಗಳು? 2014ರ ಆರಂಭದಲ್ಲಿ ಬಂದ ‘ಟ್ವಿಸ್ಟೆಡ್ ಮೇರಿಯನೆಟ್’ ಎಂಬ ದೈತ್ಯ ಯಂತ್ರಗೊಂಬೆಯ ಕಾಳಗಕ್ಕೆ ಆಟಗಾರರು ಐದು ಸಾಲಾಗಿ ಹಂಚಿಕೊಂಡು ನಿಲ್ಲಬೇಕಿತ್ತು. ಒಂದು ಸಾಲು ಸೋತರೂ ಎಲ್ಲರಿಗೂ ಪೆಟ್ಟು. ಫೆಬ್ರವರಿಯಲ್ಲಿ ಸ್ಕಾರ್ಲೆಟ್ ಲಯನ್ಸ್ ಆರ್ಚ್ ಎಂಬ ಮುಖ್ಯ ನಗರದ ಮೇಲೇ ದಾಳಿ ಮಾಡಿದಳು. ಎಲ್ಲರೂ ದಿನಾ ವ್ಯಾಪಾರಕ್ಕೆ, ಹರಟೆಗೆ ಸೇರುತ್ತಿದ್ದ ಜಾಗ ಅದು. ನೆರೆಹೊರೆ ಹಾಳಾದ ಅನುಭವ. ಈ ಘಟನೆಗಳು ಆ ಸೀಸನ್‌ನ ಒಳ್ಳೆಯ ನೆನಪುಗಳಾಗಿ ಉಳಿದವು. ಯಂತ್ರಗೊಂಬೆಯ ಕಾಳಗವನ್ನು ಕಂಪನಿ 2021ರಲ್ಲಿ ಮತ್ತೆ ತಂದಿತು, 2022ರಲ್ಲಿ ಮೊದಲ ಸೀಸನ್ನಿನ ಕಥೆಯನ್ನೂ ಕಾಯಂ ಆಗಿ ಮರಳಿಸಿತು.

ಟ್ರಹರ್ನ್ ಮತ್ತು ಸ್ಕಾರ್ಲೆಟ್ ಪಕ್ಕಪಕ್ಕ ಇಟ್ಟರೆ ಪಾಠ ಸಿಗುತ್ತದೆ. ಸ್ಕಾರ್ಲೆಟ್ ಎದುರಿಗೆ ನಿಂತವಳು. ಅವಳ ಮೇಲಿನ ಸಿಟ್ಟು ಆಟದ ಒಳಗೇ ಖರ್ಚಾಗುತ್ತಿತ್ತು. ಟ್ರಹರ್ನ್ ನಿಮ್ಮ ಪಕ್ಕದಲ್ಲಿ, ನಿಮಗಿಂತ ಒಂದು ಮೆಟ್ಟಿಲು ಮೇಲೆ ನಿಂತವನು. ಅವನ ಮೇಲಿನ ಸಿಟ್ಟನ್ನು ಆಟದ ಒಳಗೆ ಎಲ್ಲೂ ತೋರಿಸುವ ಹಾಗಿರಲಿಲ್ಲ. ಹಾಗಾಗಿ ಅದು ಆಟದ ಹೊರಗೆ ಬಂತು.

ಪ್ರಕರಣ 3: ಸಿಲ್ವಾನಸ್ – ಪಾಪದಲ್ಲಿ ಪಾಲು

ಈಗ ಮತ್ತೆ ಸಿಲ್ವಾನಸ್ ಕಡೆ ಬರೋಣ. 2002ರ ‘ವಾರ್‌ಕ್ರಾಫ್ಟ್ 3’ರಲ್ಲೇ ಇದ್ದ ಪಾತ್ರ ಇದು. ನಗರ ಕಾಯುವ ಸೇನಾನಿ, ಆರ್ಥಸ್ ಕೈಯಲ್ಲಿ ಸತ್ತು ಪ್ರೇತವಾಗಿ ಎದ್ದವಳು, ತನ್ನಂಥ ಪ್ರೇತಗಳಿಗೊಂದು ರಾಜ್ಯ ಕಟ್ಟಿಕೊಂಡವಳು. ಅನೇಕರು ಹೋರ್ಡ್ ಬಣ ಸೇರಿದ್ದೇ ಅವಳಿಗಾಗಿ. 2016ರಲ್ಲಿ ಆಕೆ ಇಡೀ ಬಣದ ‘ವಾರ್‌ಚೀಫ್’ ಆದಳು. 2018ರ ಆಗಸ್ಟ್‌ನ ‘ಬ್ಯಾಟಲ್ ಫಾರ್ ಅಜೆರಾತ್’ ವಿಸ್ತರಣೆಗೆ ಮುನ್ನುಡಿಯಾಗಿ ಟೆಲ್‌ಡ್ರಾಸಿಲ್ ಎಂಬ ಮಹಾವೃಕ್ಷವನ್ನು, ಅದರ ಮೇಲಿನ ನಗರ ಸಮೇತ ಸುಟ್ಟಳು.

ಇಲ್ಲಿ ದೂರು ಎರಡು ಬಗೆ. ಒಂದು, ಹಳೆಯದನ್ನೇ ಮತ್ತೆ ಬಡಿಸಿದರು ಅನ್ನೋದು. 2012ರ ‘ಮಿಸ್ಟ್ಸ್ ಆಫ್ ಪಂಡಾರಿಯಾ’ದಲ್ಲಿ ಗ್ಯಾರೋಶ್ ಎಂಬ ವಾರ್‌ಚೀಫ್ ಒಂದು ನಗರವನ್ನು ಬಾಂಬ್ ಹಾಕಿ ನಾಶ ಮಾಡಿದ್ದ. 2013ರಲ್ಲಿ ಹೋರ್ಡ್ ಆಟಗಾರರೇ ಸೇರಿ ಅವನನ್ನು ಇಳಿಸಿದ್ದರು. ಎರಡು, ಪಾಪದಲ್ಲಿ ಪಾಲು ಕೊಟ್ಟು ಮಾತಾಡಲು ಬಿಡಲಿಲ್ಲ ಅನ್ನೋದು. ಈ ಎರಡನೆಯದು ನಿಜಕ್ಕೂ ಭಾರವಾದದ್ದು. ಸಿನಿಮಾದಲ್ಲಿ ನಾಯಕ ಊರು ಸುಟ್ಟರೆ ನೋಡಿದವನಿಗೆ ಪಾಪ ಇಲ್ಲ. ಗೇಮ್‌ನಲ್ಲಿ ‘ಕ್ವೆಸ್ಟ್ ಮುಗಿಯಿತು’ ಎಂದು ಬಹುಮಾನ ತೆಗೆದುಕೊಂಡದ್ದು ನೀವು.

ಬ್ಲಿಝಾರ್ಡ್ ಕಂಪನಿ ಇದಕ್ಕೊಂದು ಬಾಗಿಲು ತೆರೆಯಿತು. ವರೋಕ್ ಸೌರ್‌ಫಾಂಗ್ ಎಂಬ ಮುದಿ ಯೋಧ ಸಿಲ್ವಾನಸ್ ವಿರುದ್ಧ ತಿರುಗಿ ಬೀಳುತ್ತಾನೆ. ಹೋರ್ಡ್ ಆಟಗಾರರು ಅವನ ಜೊತೆ ಹೋಗಬಹುದು, ಇಲ್ಲಾ ಸಿಲ್ವಾನಸ್‌ಗೆ ನಿಷ್ಠರಾಗಿ ಉಳಿಯಬಹುದು. ದೊಡ್ಡ ಕಥೆ ಎರಡೂ ದಾರಿಯಲ್ಲಿ ಒಂದೇ ಜಾಗ ಮುಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಸೌರ್‌ಫಾಂಗ್ ದ್ವಂದ್ವಯುದ್ಧದಲ್ಲಿ ಸತ್ತ, ಸಿಲ್ವಾನಸ್ ಬಣವನ್ನೇ ಬಿಟ್ಟು ಹಾರಿಹೋದಳು. ಹಾಗಿದ್ದರೂ ಆ ಆಯ್ಕೆ ಬಹಳ ಮಂದಿಗೆ ಮುಖ್ಯವಾಯಿತು. ಫಲಿತಾಂಶ ಬದಲಾಗದಿದ್ದರೂ, ‘ನಾನು ಯಾವ ಕಡೆ ಇದ್ದೆ’ ಎಂಬುದು ದಾಖಲಾಯಿತು. ಚುನಾವಣೆಯಲ್ಲಿ ಸೋಲುವ ಅಭ್ಯರ್ಥಿಗೆ ಓಟು ಹಾಕಿ ಬರುವವರಿಗೆ ಇದು ಅರ್ಥ ಆಗುತ್ತದೆ.

ಪ್ರಕರಣ 4: ವುಕ್ ಲಮಾಟ್ – ಬಾಗಿಲಲ್ಲೇ ನಿಂತ ಪಾತ್ರ

ತೀರಾ ಈಚಿನ ಗಲಾಟೆ ಜಪಾನಿನ ಸ್ಕ್ವೇರ್ ಎನಿಕ್ಸ್‌ನ ‘ಫೈನಲ್ ಫ್ಯಾಂಟಸಿ 14’ರದ್ದು. 2021ರ ಕೊನೆಗೆ ಬಂದ ‘ಎಂಡ್‌ವಾಕರ್’ ಹತ್ತು ವರ್ಷದ ಕಥೆಗೆ ಮಂಗಳ ಹಾಡಿತ್ತು. 2024ರ ಜುಲೈ 2ರಂದು ‘ಡಾನ್‌ಟ್ರೇಲ್’ ಹೊಸ ಕಥೆ ಶುರುಮಾಡಿತು. ಅದರ ಮಧ್ಯಬಿಂದು ವುಕ್ ಲಮಾಟ್, ಸಿಂಹಾಸನದ ಸ್ಪರ್ಧೆಗೆ ಇಳಿದ ರಾಜಕುಮಾರಿ. ಉತ್ಸಾಹದ ಬುಗ್ಗೆ, ಮುಗ್ಧೆ, ಎಲ್ಲರೊಂದಿಗೂ ಗೆಳೆತನ ಬಯಸುವವಳು. ಲೋಕವನ್ನೇ ಉಳಿಸಿ ಬಂದ ವೀರನಾದ ನೀವು ಇಲ್ಲಿ ಅವಳ ಸಹಾಯಕ.

ಕೆಲವರಿಗೆ ಇದು ಖುಷಿ ಕೊಟ್ಟಿತು. ಹೊಸ ತಲೆಮಾರನ್ನು ಕೈಹಿಡಿದು ನಡೆಸುವ ಹಿರಿಯನ ಪಾತ್ರ, ಅದರಲ್ಲಿ ತಪ್ಪೇನು? ಇನ್ನು ಕೆಲವರಿಗೆ ಗಂಟೆಗಟ್ಟಲೆ ಅವಳದೇ ಮಾತು, ಅವಳದೇ ನಿರ್ಧಾರ. ಕೊನೆಯ ದೊಡ್ಡ ಕಾಳಗದ ನಡುವೆಯೂ ಅವಳು ನುಗ್ಗಿ ಬರುತ್ತಾಳೆ. ಆಟಗಾರರು ಎಂಟು ಜನ ಸೇರಿ ಹೊಡೆದಾಡುತ್ತಿರುವ ಜಾಗ ಅದು. ಸ್ಟೀಮ್ ಅಂಗಡಿಯಲ್ಲಿ ಈ ವಿಸ್ತರಣೆಯ ವಿಮರ್ಶೆಗಳು ಮಿಶ್ರವಾಗಿ ಬಂದವು. ಹಿಂದಿನ ವಿಸ್ತರಣೆಗಳಿಗೆ ಸಿಕ್ಕ ಹೊಗಳಿಕೆ ನೋಡಿದ್ದವರಿಗೆ ಅದು ಎದ್ದು ಕಂಡಿತು.

ಇಲ್ಲಿ ಗೇಮ್‌ನ ಕಟ್ಟಡವನ್ನೂ ನೋಡಬೇಕು. ಈ ಗೇಮ್‌ನಲ್ಲಿ ಮುಖ್ಯ ಕಥೆ ಒಂದೇ ಸಾಲು. ಅದನ್ನು ಮುಗಿಸದೆ ಹೊಸ ಊರಿಲ್ಲ, ಹೊಸ ಡಂಜನ್ ಇಲ್ಲ, ಗೆಳೆಯರ ಜೊತೆ ದೊಡ್ಡ ಕಾಳಗಕ್ಕೆ ಹೋಗುವ ಹಾಗಿಲ್ಲ. ಕಥೆ ಹಾರಿಸಲು ಕಂಪನಿ ದುಡ್ಡಿಗೆ ಮಾರುವ ವಸ್ತು ಹಳೆಯ ವಿಸ್ತರಣೆಗಳಿಗಷ್ಟೆ, ಹೊಸದಕ್ಕಲ್ಲ. ಅಂದರೆ ವುಕ್ ಲಮಾಟ್ ಬರೀ ಪಾತ್ರ ಅಲ್ಲ, ಗೇಟು. ಅವಳನ್ನು ದಾಟದೆ ಒಳಗೆ ಪ್ರವೇಶವಿಲ್ಲ. ಅದೇ ಪಾತ್ರ ಬೇಕಾದವರು ಆಡುವ ಪಕ್ಕದ ಕಥೆಯಲ್ಲಿ ಇದ್ದಿದ್ದರೆ ಈ ಪ್ರಮಾಣದ ಜಗಳ ಆಗುತ್ತಿತ್ತಾ? ನನಗೆ ಅನುಮಾನ.

ಇದೇ ಗೇಮ್ ಇದಕ್ಕೆ ಉತ್ತರವನ್ನೂ ಹಿಂದೊಮ್ಮೆ ಕಂಡುಕೊಂಡಿತ್ತು ಎಂಬುದು ಸ್ವಾರಸ್ಯ. 2013ರ ಕಥೆಯಲ್ಲಿ ಅಲ್ಫಿನೋ ಎಂಬ ಹುಡುಗ ಇದ್ದಾನೆ. ಬುದ್ಧಿವಂತ, ಜಂಬಗಾರ, ನಿಮಗೆ ಅಪ್ಪಣೆ ಕೊಡುವವನು. ಬಹಳ ಜನಕ್ಕೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. 2015ರಲ್ಲಿ ಅವನು ಕಟ್ಟಿದ ಪಡೆಯೇ ಅವನಿಗೆ ದ್ರೋಹ ಮಾಡುತ್ತದೆ, ಎಲ್ಲ ಕುಸಿಯುತ್ತದೆ. ಅದೇ ವರ್ಷದ ‘ಹೆವೆನ್ಸ್‌ವರ್ಡ್’ನಲ್ಲಿ ಅವನು ತಲೆ ತಗ್ಗಿಸಿ ನಿಮ್ಮ ಜೊತೆ ಹಾದಿ ನಡೆಯುತ್ತಾನೆ, ಕಾಡಿನಲ್ಲಿ ಒಲೆಗೆ ಕಟ್ಟಿಗೆ ಆರಿಸಲೂ ಬಾರದೆ ನಗೆಪಾಟಲಾಗುತ್ತಾನೆ. ಅಲ್ಲಿಂದ ಜನ ಅವನನ್ನು ಒಪ್ಪಿಕೊಂಡರು. ಆಟಗಾರರ ಸಿಟ್ಟನ್ನು ಕಥೆ ತಾನೇ ಒಪ್ಪಿಕೊಂಡಿತು. ‘ಹೌದು, ಇವನಿಗೆ ಜಂಬ ಇತ್ತು, ನೋಡಿ ಇಳಿಯಿತು’ ಎಂದು ಹೇಳಿದ ಹಾಗಾಯಿತು.

ಒಂದು ಪುಟ್ಟ ಪ್ರಕರಣ: ನೆನಪು ಹೋದರೆ ಒಡಕೂ ಹೋಯಿತು

‘ಡೆಸ್ಟಿನಿ 2’ರಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ‘ಫರ್‌ಸೇಕನ್’ ವಿಸ್ತರಣೆ ಬಂತು. ಎಲ್ಲರ ಅಚ್ಚುಮೆಚ್ಚಿನ ಕೇಡ್-6 ಎಂಬವನನ್ನು ಉಲ್ಡ್ರೆನ್ ಎಂಬ ರಾಜಕುಮಾರ ಕೊಂದ. ಆಟಗಾರರು ಸೇಡಿಗೆ ಹೊರಟು ಅವನನ್ನು ಮುಗಿಸಿದರು. 2020ರ ನವೆಂಬರ್‌ನಲ್ಲಿ ಅದೇ ಉಲ್ಡ್ರೆನ್ ಹಿಂದಿನದೇನೂ ನೆನಪಿಲ್ಲದ ‘ಕ್ರೋ’ ಎಂಬ ಹೊಸ ಮನುಷ್ಯನಾಗಿ, ಮಿಷನ್ ಕೊಡುವವನಾಗಿ ಮರಳಿದ. ‘ಇವನಿಗೆ ಕ್ಷಮೆ ಇದೆಯಾ?’ ಎಂಬ ಪ್ರಶ್ನೆಯ ಮೇಲೆ ಜಗಳ ಆಯಿತು, ಒಳ್ಳೆಯ ಜಗಳ.

2022ರ ಫೆಬ್ರವರಿಯಲ್ಲಿ ಕಂಪನಿ ‘ಫರ್‌ಸೇಕನ್’ ಕಥೆಯನ್ನು ಗೇಮ್‌ನಿಂದಲೇ ತೆಗೆಯಿತು. ಆಮೇಲೆ ಬಂದವರು ಆ ಸೇಡಿನ ಮಿಷನ್‌ಗಳನ್ನು ಆಡಿದವರಲ್ಲ. ಅವರಿಗೆ ಕ್ರೋ ಒಬ್ಬ ಸಭ್ಯ ಜೊತೆಗಾರ, ಅಷ್ಟೆ. ಒಡಕು ಪಾತ್ರದೊಳಗೆ ಇರುವ ಗುಣ ಅಲ್ಲ, ಆಟಗಾರ ಹಿಂದೆ ಕೈಯಾರೆ ಏನು ಮಾಡಿದ್ದ ಎಂಬುದರಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಸೂತ್ರ ಏನು?

2006ರಲ್ಲಿ ರಯಾನ್, ರಿಗ್ಬಿ ಮತ್ತು ಶಿಬಿಲ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಗೇಮ್‌ಗಳು ಯಾಕೆ ಹಿಡಿಸುತ್ತವೆ ಎಂಬ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಸಾರಾಂಶ ಸರಳ. ಮನುಷ್ಯನಿಗೆ ಮೂರು ಬೇಕು: ತನ್ನಿಷ್ಟದಂತೆ ಮಾಡುವ ಸ್ವಾತಂತ್ರ್ಯ, ‘ನನ್ನ ಕೈಲಾಗುತ್ತದೆ’ ಎಂಬ ಅನುಭವ, ಇತರರೊಂದಿಗೆ ನಂಟು. ಗೇಮ್ ಈ ಮೂರನ್ನು ಕೊಟ್ಟಷ್ಟೂ ಜನ ಮರಳಿ ಬರುತ್ತಾರೆ.

ಮೇಲಿನ ಪ್ರಕರಣಗಳನ್ನು ಈ ಜರಡಿಯಲ್ಲಿ ಹಾಕಿ. ಮಿಷನ್ ಮೇಲೆ ಪಾತ್ರದ ಪರಿಣಾಮ ನಾಲ್ಕು ಪ್ರಶ್ನೆಗಳ ಮೇಲೆ ನಿಂತಿದೆ ಎಂದು ಕಾಣುತ್ತದೆ.

1. ಕಡ್ಡಾಯವೇ? ಪಾತ್ರವನ್ನು ದಾಟದೆ ಮುಂದೆ ಹೋಗಲು ಆಗದಿದ್ದರೆ ಸಣ್ಣ ಕಿರಿಕಿರಿಯೂ ದೊಡ್ಡದಾಗುತ್ತದೆ.

2. ಕೆಲಸ ಯಾರದು, ಹೆಸರು ಯಾರಿಗೆ? ಬೆವರು ಆಟಗಾರನದು, ಹಾರ ಪಾತ್ರಕ್ಕೆ ಅಂತಾದರೆ ‘ನನ್ನ ಕೈಲಾಗುತ್ತದೆ’ ಎಂಬ ಅನುಭವಕ್ಕೇ ಪೆಟ್ಟು. ಟ್ರಹರ್ನ್ ಸಮಸ್ಯೆ ಇದು.

3. ಒಪ್ಪದಿರಲು ಜಾಗ ಇದೆಯೇ? ಒಂದು ಸಾಲಿನ ಉತ್ತರ, ಒಂದು ಬಣ ಬದಲಾವಣೆ, ಏನಾದರೂ ಸರಿ. ಸೌರ್‌ಫಾಂಗ್ ದಾರಿ ಕೊಟ್ಟದ್ದು ಇದನ್ನೇ.

4. ಪಾತ್ರ ಬೆಲೆ ತೆರುತ್ತದೆಯೇ? ಆಟಗಾರನಿಗೆ ಕಂಡ ದೋಷ ಕಥೆಗೂ ಕಾಣಬೇಕು. ಅಲ್ಫಿನೋ ಗೆದ್ದಿದ್ದು ಇಲ್ಲಿ.

ಇವು ಎಲ್ಲ ಆಟಗಾರರಿಗೂ ಒಂದೇ ತೂಕದವಲ್ಲ. ಮೊದಲ ‘ಮಡ್’ ಗೇಮ್ ಕಟ್ಟಿದವರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆ ಮಾಡಿದ್ದರು: ಸಾಧನೆ ಬಯಸುವವರು, ಅನ್ವೇಷಣೆ ಬಯಸುವವರು, ಬೆರೆಯಲು ಬಂದವರು, ಇತರರ ಮೇಲೆ ಬೀಳಲು ಬಂದವರು. ಸಾಧಕನಿಗೆ ಮಾತಾಳಿ ಪಾತ್ರ ಅಂದರೆ ದಾರಿಗಡ್ಡ ನಿಂತ ಎಮ್ಮೆ. ಲೋಕದ ಕಥೆ ಕೆದಕುವ ಅನ್ವೇಷಕನಿಗೆ ಅದೇ ಪಾತ್ರ ನಿಧಿ. ಬೆರೆಯಲು ಬಂದವನಿಗೆ ಅದು ಸಂಜೆ ಹರಟೆಯ ವಿಷಯ. ಒಂದು ಪಾತ್ರಕ್ಕೆ ‘ಜನರ ಪ್ರತಿಕ್ರಿಯೆ’ ಅಂತ ಒಂದೇ ಇರುವುದಿಲ್ಲ.

ಅಳೆಯೋದು ಹೇಗೆ? ಅಂಕಿಗಳ ಬಲೆ

ಗೇಮ್ ಕಂಪನಿಗಳು ಎಲ್ಲವನ್ನೂ ಅಳೆಯುತ್ತವೆ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಹೊತ್ತು ಕೂತರು, ಯಾವ ಮಿಷನ್ ಶುರುಮಾಡಿ ಯಾವುದನ್ನು ಮುಗಿಸಲಿಲ್ಲ, ಯಾವ ಮಾತುಕತೆಯನ್ನು ಬಟನ್ ಒತ್ತಿ ಹಾರಿಸಿದರು. ಇಂಜಿನಿಯರ್‌ಗಳು ಇದನ್ನು ಫನಲ್ ಅನ್ನುತ್ತಾರೆ, ಎಣ್ಣೆ ಹಾಕುವ ಆಲಿಕೆಯ ಹಾಗೆ. ಮೇಲೆ ನೂರು ಜನ ಇಳಿದರೆ ಕೆಳಗೆ ಎಷ್ಟು ಜನ ಬಂದರು? ಯಾವ ಹಂತದಲ್ಲಿ ಸೋರಿತು?

ತೊಂದರೆ ಏನೆಂದರೆ ಆ ಅಂಕಿಗಳು ಕಂಪನಿಯೊಳಗೇ ಉಳಿಯುತ್ತವೆ. ಬ್ಲಿಝಾರ್ಡ್ 2010ರಲ್ಲಿ 1.2 ಕೋಟಿ ಚಂದಾದಾರರು ಎಂದು ಹೆಮ್ಮೆಯಿಂದ ಹೇಳಿತ್ತು. 2015ರಲ್ಲಿ 55 ಲಕ್ಷಕ್ಕೆ ಇಳಿದಾಗ, ಇನ್ನು ಮೇಲೆ ಆ ಸಂಖ್ಯೆ ಹೇಳುವುದಿಲ್ಲ ಎಂದು ನಿಲ್ಲಿಸಿತು. ಹಾಗಾಗಿ 2018ರಲ್ಲಿ ಸಿಲ್ವಾನಸ್‌ನಿಂದ ಎಷ್ಟು ಜನ ಬಿಟ್ಟರು ಎಂದು ಯಾರಾದರೂ ಖಚಿತ ಸಂಖ್ಯೆ ಹೇಳಿದರೆ ನಂಬಬೇಡಿ. ಸ್ಟೀಮ್ ಚಾರ್ಟ್ ತೋರಿಸಿ ‘ನೋಡಿ ಬಿದ್ದುಹೋಯಿತು’ ಎನ್ನುವವರೂ ಇದ್ದಾರೆ. ‘ಫೈನಲ್ ಫ್ಯಾಂಟಸಿ 14’ ಸ್ಟೀಮ್ ಹೊರಗೆ ಸ್ವಂತ ಲಾಂಚರ್‌ನಲ್ಲೂ ಪ್ಲೇಸ್ಟೇಷನ್‌ನಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಓಡುತ್ತದೆ. ಸ್ಟೀಮ್ ಅದರ ಒಂದು ಕಿಟಕಿ ಅಷ್ಟೆ.

ಎರಡನೇ ತೊಂದರೆ, ಕಾರಣಗಳು ಹೆಣೆದುಕೊಂಡಿರುತ್ತವೆ. ‘ಬ್ಯಾಟಲ್ ಫಾರ್ ಅಜೆರಾತ್’ ಕಾಲದಲ್ಲಿ ಅಜೆರೈಟ್ ಎಂಬ ಕವಚ ವ್ಯವಸ್ಥೆಯ ಮೇಲೂ ಆಟಗಾರರಿಗೆ ಭಾರೀ ಅಸಮಾಧಾನ ಇತ್ತು. ಬಿಟ್ಟವನು ಸಿಲ್ವಾನಸ್‌ಗಾಗಿ ಬಿಟ್ಟನೋ, ಕವಚಕ್ಕಾಗಿ ಬಿಟ್ಟನೋ? ‘ಡಾನ್‌ಟ್ರೇಲ್’ ಇದಕ್ಕೆ ತಿರುವುಮುರುವು. ಕಥೆಗೆ ಬೈದವರಲ್ಲೇ ಅನೇಕರು ಅದರ ಡಂಜನ್, ಕಾಳಗಗಳನ್ನು ಹೊಗಳಿದರು. ಕಥೆ ಹಾರಿಸಿ ಆಡಿದವರ ಲೆಕ್ಕ ‘ಎಂಗೇಜ್‌ಮೆಂಟ್’ ಪಟ್ಟಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಇದರ ಜೊತೆಗೆ, ಯಾವುದೇ ವಿಸ್ತರಣೆ ಬಂದ ಕೆಲವು ತಿಂಗಳಿಗೆ ಜನಸಂಖ್ಯೆ ಇಳಿಯುವುದು ಈ ಗೇಮ್‌ಗಳ ಋತುಮಾನ. ಮಳೆ ನಿಂತದ್ದಕ್ಕೆ ಕಪ್ಪೆಯನ್ನು ಬೈದ ಹಾಗೆ ಆಗಬಾರದು.

ಮೂರನೆಯದು, ಮುಗಿಸಿದ್ದೆಲ್ಲ ಮೆಚ್ಚಿದ್ದಲ್ಲ. ಗೇಟು ಕಟ್ಟಿದ ಮಿಷನ್‌ನ್ನು ಜನ ಮುಗಿಸಲೇಬೇಕು. ಅಂಕಿ ನೂರಕ್ಕೆ ತೊಂಬತ್ತು ಬಂದರೂ ಅದು ಪ್ರೀತಿಯಲ್ಲ, ಬೇರೆ ದಾರಿ ಇಲ್ಲದ್ದು. ನಮ್ಮ ಸರ್ಕಾರಿ ಆ್ಯಪ್‌ಗಳ ಡೌನ್‌ಲೋಡ್ ಸಂಖ್ಯೆ ನೋಡಿ ಜನಪ್ರಿಯತೆ ಅಳೆದ ಹಾಗೆ.

ದ್ವೇಷವೂ ಎಂಗೇಜ್‌ಮೆಂಟ್ ಅಲ್ವಾ?

ಮಾರ್ಕೆಟಿಂಗ್ ಕಡೆಯವರು ಕೇಳುವ ಪ್ರಶ್ನೆ ಇದು. ಜಗಳ ಆದರೆ ವಿಡಿಯೋ ಬರುತ್ತದೆ, ವಿಡಿಯೋ ನೋಡಿ ಜನ ಬರುತ್ತಾರೆ, ಲಾಭವೇ ತಾನೆ?

ಅಲ್ಪಕಾಲಕ್ಕೆ ಇದರಲ್ಲಿ ಹುರುಳಿದೆ. ಟೆಲ್‌ಡ್ರಾಸಿಲ್ ಉರಿದ ವಾರ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಆದರೆ ಜಗಳಕ್ಕೆ ಕೊನೆಗೊಂದು ಉತ್ತರ ಬೇಕು. ಸಿಲ್ವಾನಸ್ ಯಾಕೆ ಹೀಗೆ ಮಾಡಿದಳು ಎಂಬ ವಿವರಣೆ 2020ರ ‘ಶ್ಯಾಡೋಲ್ಯಾಂಡ್ಸ್’ವರೆಗೆ ಎಳೆಯಿತು. 2021ರಲ್ಲಿ ಅವಳೊಂದಿಗಿನ ಕೊನೆಯ ಕಾಳಗ ನಡೆದು, ಅವಳ ಆತ್ಮದ ಕಳೆದ ಭಾಗ ಮರಳಿತು ಎಂಬ ತಿರುವು ಬಂತು. ದ್ವೇಷಿಸುವವರಿಗೆ ಶಿಕ್ಷೆ ಸಾಲಲಿಲ್ಲ, ಪ್ರೀತಿಸುವವರಿಗೆ ಅವಳ ತೀರ್ಮಾನಗಳು ಅವಳದೇ ಆಗಿ ಉಳಿಯಲಿಲ್ಲ. ಎರಡೂ ಕಡೆ ಬೇಜಾರು. ಸಿಟ್ಟು ಜನರನ್ನು ಹಿಡಿದಿಡಬಲ್ಲದು, ಬೇಜಾರು ಹಿಡಿದಿಡಲಾರದು. ‘ಥೂ’ ಅನ್ನುವವನು ನಾಳೆ ಮತ್ತೆ ಬರುತ್ತಾನೆ, ‘ಹೋಗ್ಲಿ ಬಿಡು’ ಅನ್ನುವವನು ಬರೋದಿಲ್ಲ.

ಬೆಲೆ ತೆರುವವರು ಯಾರು?

ಈ ಲೆಕ್ಕಾಚಾರದಲ್ಲಿ ಮರೆಯಾಗುವ ಒಂದು ಸಾಲು ಇದೆ. ಪಾತ್ರದ ಮೇಲಿನ ಸಿಟ್ಟು ಪರದೆ ದಾಟಿ ಮನುಷ್ಯರ ಮೇಲೆ ಬೀಳುತ್ತದೆ. ವುಕ್ ಲಮಾಟ್‌ಗೆ ಇಂಗ್ಲಿಷ್ ದನಿ ಕೊಟ್ಟ ನಟಿ ಲಿಂಗಪರಿವರ್ತಿತ ಮಹಿಳೆ. ಪಾತ್ರ ಹಿಡಿಸಲಿಲ್ಲ ಎಂಬ ನ್ಯಾಯವಾದ ಮಾತಿನ ಮರೆಯಲ್ಲಿ ಅವರ ಗುರುತಿನ ಮೇಲೇ ಹೊಲಸು ದಾಳಿ ನಡೆಯಿತು. ‘ಈ ಪಾತ್ರಕ್ಕೆ ಪರದೆ ಮೇಲೆ ಸಮಯ ಹೆಚ್ಚಾಯಿತು’ ಅನ್ನೋದು ವಿಮರ್ಶೆ. ದನಿ ಕೊಟ್ಟವರ ಬದುಕನ್ನು ಕೆದಕುವುದು ವಿಮರ್ಶೆಯಲ್ಲ, ಕಿರುಕುಳ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ನಷ್ಟ ವಿಮರ್ಶೆಗೇ. ಕಂಪನಿಗಳು ‘ಇದೆಲ್ಲ ದ್ವೇಷದ ಗುಂಪು’ ಎಂದು ನ್ಯಾಯವಾದ ದೂರನ್ನೂ ಪಕ್ಕಕ್ಕೆ ತಳ್ಳಿಬಿಡುತ್ತವೆ.

ಈ ಮಾತು ನಮ್ಮಿಂದ ದೂರದ್ದೂ ಅಲ್ಲ. ಮೇಲೆ ಹೇಳಿದ ನಾಲ್ಕೂ ಗೇಮ್‌ಗಳಲ್ಲಿ ಕನ್ನಡ ಇಲ್ಲ, ಇಲ್ಲಿನವರು ಆಡುವುದು ಇಂಗ್ಲಿಷ್‌ನಲ್ಲೇ. ಆದರೆ ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವರ್ಷಗಟ್ಟಲೆ ವಿದೇಶಿ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್‌ನ ದೊಡ್ಡ ಸ್ಟುಡಿಯೋ ಇಂದು ಅದೇ ಊರಿನಲ್ಲಿದೆ. ಎಲ್ಲೋ ಕೂತು ಬರೆದ ಪಾತ್ರಕ್ಕೆ ಮುಖ, ಬಟ್ಟೆ, ನಡಿಗೆ ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಆನ್‌ಲೈನ್‌ನಲ್ಲಿ ಕಲ್ಲು ಬೀಸುವಾಗ ಅದು ಯಾರ ಮನೆ ಗಾಜಿಗೆ ತಾಗುತ್ತದೆ ಎಂದು ಬೀಸುವವನಿಗೆ ಗೊತ್ತಿರುವುದಿಲ್ಲ.

ಕೊನೆಗೆ

ಈ ಗಲಾಟೆಗಳಿಂದ ಕಂಪನಿಗಳು ಕಲಿಯಬಹುದಾದ ಅತಿ ಕೆಟ್ಟ ಪಾಠ ಒಂದಿದೆ: ಯಾರಿಗೂ ಬೇಸರವಾಗದ ಪಾತ್ರಗಳನ್ನೇ ಬರೆಯುವುದು. ಹಾಗೆ ಬರೆದ ಪಾತ್ರಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಟ್ರಹರ್ನ್ ಹೋಗಿ ಹತ್ತು ವರ್ಷ ದಾಟಿದರೂ ಅವನ ಮೇಲಿನ ಜೋಕು ಇನ್ನೂ ಓಡುತ್ತದೆ. ಅವನ ಕಾಲದ ಎಷ್ಟೋ ‘ಒಳ್ಳೆಯ’ ಪಾತ್ರಗಳ ಹೆಸರೂ ಜನಕ್ಕೆ ಗೊತ್ತಿಲ್ಲ.

ಒಡಕು ತರುವ ಪಾತ್ರ ಇರಲಿ. ಅದರ ಜೊತೆ ಆಟಗಾರನಿಗೆ ಒಂದಿಷ್ಟು ಜಾಗವೂ ಇರಲಿ. ‘ನಾನು ಒಪ್ಪೋದಿಲ್ಲ’ ಎಂದು ಹೇಳುವ ಒಂದು ಸಾಲು, ಗೆದ್ದಾಗ ಅವನ ಹೆಸರು ಹೇಳುವ ಒಂದು ಬಾಯಿ, ಬೇಡವಾದಾಗ ಸುತ್ತಿ ಹೋಗುವ ಒಂದು ಕಾಲುದಾರಿ. ಇಷ್ಟಿದ್ದರೆ ಆಟಗಾರ ಬಯ್ಯುತ್ತಲೇ ಆಡುತ್ತಾನೆ. ಇಷ್ಟೂ ಇಲ್ಲದಿದ್ದರೆ ಬಯ್ಯುವುದನ್ನು ನಿಲ್ಲಿಸುತ್ತಾನೆ, ಆಮೇಲೆ ಚಂದಾ ಕಟ್ಟುವುದನ್ನೂ.